ಓಡುವ ಹುಡುಗಿ ಎಲ್ಲಿಗೆ ಹೊರಟಳು?

ಐವತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಕಲಾಶಾಲೆಯಲ್ಲಿ ಓದುತ್ತಿದ್ದಾಗ ನಾನೊಂದು ಪುಟ್ಟ ಕಾರ್ಟೂನ್ ಸಿನೆಮಾ ಮಾಡಬೇಕಿತ್ತು. ಹುಡುಗಿಯೊಬ್ಬಳು ಓಡುವ ಚಿತ್ರಗಳನ್ನೇನೋ ಒಂದು ಕಟ್ಟು ಬರೆದಿದ್ದೆ. ಕತೆ ಮಾತ್ರ ಹೊಳೆದಿರಲಿಲ್ಲ. ರಜೆಗೆ ಬಂದವನು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಆ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಮಗುಚುತ್ತಿದ್ದೆ. ಹಾಗೆ ಮಾಡಿದರೆ ಹುಡುಗಿ ನಿಜವಾಗಿಯೂ ಓಡಿದಂತೆ ಕಾಣುತ್ತಾಳೆ.

ಪಕ್ಕದಲ್ಲಿ ತಾಳಗುಂದದ ರೈತರೊಬ್ಬರಿದ್ದರು. ಅವರಾಚೆ ಕಿಟಕಿಯ ಬಳಿ ಅವರ ಮಗಳು, ಅತ್ತು ಕಣ್ಣು ಕೆಂಪಾಗಿತ್ತು. ಚಿತ್ರ ಓಡಿದ್ದು ಕಂಡು ಮೆಲ್ಲಗೆ ನಕ್ಕಳು.

“ಇನ್ನೊಮ್ಮೆ ಓಡಿಸ್ರೀ.”

ಓಡಿಸಿದೆ.

“ಎಲ್ಲಿಗೆ ಹೊಂಟಾಳ್ರೀ ಇವಳು?”

ಏನಾದರೂ ಹೇಳಬೇಕಲ್ಲ. “ಮನೆಗಮ್ಮ,” ಎಂದೆ.

“ಯಾರ ಮನೆಗೆ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳ ಮುಖ ನೋಡಿ, “ತವರಿಗೆ,” ಅಂದುಬಿಟ್ಟೆ.

ಅವರಪ್ಪ ಹಾಳೆಗಳ ಮೇಲೆ ಅಂಗೈ ಊರಿದರು. “ಸಾಕು ಮಾಡ್ರೀ ಸ್ವಾಮಿ. ಆಗಲೇ ಒಮ್ಮೆ ಓಡಿ ಬಂದಾಳೆ. ಹೆಂಗೋ ಒಪ್ಪಿಸಿ ಗಂಡನ ಮನೆಗೆ ಬಿಡಕ್ಕೆ ಹೊಂಟೀನಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಸೊರಬ ಬರುವವರೆಗೂ ಆ ಕೈ ತೆಗೆಯಲಿಲ್ಲ.

ಇಳಿಯುವಾಗ ಅವಳು ನನ್ನತ್ತ ತಿರುಗಿ, “ಹೋಗಿ ಮುಟ್ತಾಳಲ್ರೀ?” ಎಂದು ಕೇಳಿದಳು. ಹೂಂ ಎಂದೆ. ಅವರಪ್ಪ ಬೇರೆ ಕಡೆ ನೋಡುತ್ತಿದ್ದರು.

ಆ ಮಾತಿಗಾಗಿ ಮತ್ತೊಂದು ಕಟ್ಟು ಚಿತ್ರ ಬರೆದು ಚಿತ್ರದ ಹುಡುಗಿಯನ್ನು ತಾಯಿಯ ಬಾಗಿಲಿಗೆ ಮುಟ್ಟಿಸಿದೆ. ಎಲ್ಲಿಗೆ ಓಡುತ್ತಿದ್ದಾಳೆಂದು ಕೇಳಿದ ಮುಂಬಯಿಯ ಮೇಷ್ಟರಿಗೆ ತವರು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲಾರದೆ “ಅಮ್ಮನ ಮನೆ” ಎಂದೆ.

“ಇಷ್ಟೊಂದು ಓಡುತ್ತಿದ್ದಾಳಲ್ಲ, ಊಟಕ್ಕೆ ಹೊತ್ತಾಯಿತೇ?” ಎಂದರು.

ಹೌದು ಸಾರ್ ಎಂದೆ. ಪಾಸಾದೆ.