ಅಜ್ಜಿ ನೀರು ನೋಡಲು ಹೋದದ್ದು

ಮೊನ್ನೆ ಸಂಪು ತೊಳೆಸೋಣವೆಂದು ಮುಚ್ಚಳ ತೆಗೆಸಿದೆ. ಒಳಗಿನಿಂದ ಪಾಚಿಯ ವಾಸನೆ ಗಮ್ಮನೆ ಮೂಗಿಗೆ ಬಡಿಯಿತು. ತೊಳೆಯಲು ಬಂದವನು ಮುಖ ತಿರುಗಿಸಿಕೊಂಡ. ನಾನು ಮಾತ್ರ ಬಗ್ಗಿ ಇನ್ನೊಮ್ಮೆ ಮೂಸಿದೆ. ನನ್ನ ವಯಸ್ಸಿನವರಾದರೆ ನಿಮಗೆ ಈ ಹುಚ್ಚು ಅರ್ಥವಾದೀತು. ನಲ್ಲಿಯಲ್ಲಿ ಬಂದದ್ದೆಲ್ಲ ಒಂದೇ ನೀರು ಎಂದುಕೊಂಡಿರುವ ಮೊಮ್ಮಕ್ಕಳಿಗೆ ನಮ್ಮಜ್ಜಿಯ ನೀರಿನ ಲೆಕ್ಕಾಚಾರವನ್ನು ಹೇಗೆ ವಿವರಿಸಲಿ?

ನಮ್ಮ ಮನೆ ಇದ್ದದ್ದು ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಅಜ್ಜಿ ಹೇಳಿದ್ದೇ ಕಾನೂನು. ಬಟ್ಟೆಗೆ ಕೆರೆ, ಎಮ್ಮೆಗೆ ಕುಂಟೆ, ದೇವರ ಅಭಿಷೇಕಕ್ಕೆ ಕಲ್ಯಾಣಿ, ಪಾತ್ರೆ ತೊಳೆಯಲು ಹಿತ್ತಲ ಉಪ್ಪುನೀರ ಬಾವಿ, ಕುಡಿಯಲು ಮತ್ತು ಬೇಳೆ ಬೇಯಿಸಲು ಊರ ಮುಂದಿನ ಸಿಹಿನೀರ ಬಾವಿ. ತಪ್ಪಿ ಬೇರೆ ಬಿಂದಿಗೆಗೆ ಕೈ ಹಾಕಿದರೆ ಬೆನ್ನ ಮೇಲೆ ಬೀಳುತ್ತಿತ್ತು. ಶಾಲೆಯಲ್ಲಿ ಕಲಿತ ಸಾಗರ, ಸಮುದ್ರ, ನದಿ, ಸರೋವರಗಳನ್ನು ನಾನು ಒಂದು ದಿನ ಜಂಬದಿಂದ ಒಪ್ಪಿಸಿದಾಗ ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿ ಕೇಳಿದ್ದಳು: "ಸಮುದ್ರದ್ ನೀರು ಕುಡಿಯಕ್ಕಾಗಲ್ವಂತೆ, ಹೌದಾ? ಮತ್ತೆ ಅಷ್ಟೊಂದು ಯಾಕೆ ಮಡಗವ್ನೆ ಆ ದೇವ್ರು?" ನಗಬೇಡಿ, ನನಗೆ ಇವತ್ತಿಗೂ ಉತ್ತರ ಗೊತ್ತಿಲ್ಲ.

ಅಜ್ಜಿಗೆ ನೀರೆಂದರೆ ಭಯ. ಅವಳ ಹಿರಿಯ ಮಗಳು ಗೌರಿಯನ್ನು, ಅಂದರೆ ನನ್ನ ದೊಡ್ಡ ಸೋದರತ್ತೆಯನ್ನು, ಮನೆತನ ನೋಡಿ, ಹೊಲ ನೋಡಿ ಒಂದೂರಿಗೆ ಕೊಟ್ಟಿದ್ದರು. ಅಲ್ಲಿ ಕುಡಿಯುವ ನೀರಿಗೆ ಮೆಟ್ಟಿಲಿಳಿದು ಹೋಗುವ ಬಾವಿ. ಬಸುರಿ ಹೆಂಗಸು ಪಾಚಿಯ ಮೇಲೆ ಕಾಲಿಟ್ಟಳು. ಬಿಂದಿಗೆ ಬೆಳಿಗ್ಗೆಯೇ ತೇಲಿತು, ಅವಳು ಸಿಕ್ಕಿದ್ದು ಸಂಜೆಗೆ. ಅದಾದ ಮೇಲೆ ಕಿರಿಯ ಮಗಳು ಸಾಕತ್ತೆಗೆ ಗಂಡು ಬಂದಾಗಲೆಲ್ಲ ಅಜ್ಜಿಯೇ ಮನೆ ನೋಡುವ ಶಾಸ್ತ್ರಕ್ಕೆ ಹೊರಡುತ್ತಿದ್ದಳು. ನೀರು ಸರಿಯಿಲ್ಲವೆಂದು ಸಂಬಂಧ ಮುರಿದು ಬರುತ್ತಿದ್ದಳು. ಸಾಕತ್ತೆಯ ವಾರಿಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನೆಲಮಂಗಲದ ಆಚೆಯಿಂದ ಚನ್ನಪ್ಪ ಎಂಬವರು ಬಂದು ಅವಳನ್ನು ನೋಡಿ ಒಪ್ಪಿದಾಗ ಅತ್ತೆ ನನ್ನನ್ನು ಹಿತ್ತಲಿಗೆ ಎಳೆದೊಯ್ದು ಹೇಳಿದಳು: "ಇದೂ ತಪ್ಪೋದ್ರೆ ಇನ್ನೊಬ್ಬನ ಮುಂದೆ ಹೋಗಿ ಕೂರಲ್ಲ ಕಣೇ. ಅವ್ವನ ಜೊತೆ ನೀನೂ ಹೋಗು. ಏನಾಯ್ತು ಅಂತ ಬಂದು ಹೇಳು."

ತಾತ, ಅಜ್ಜಿ, ನಾನು ಬಸ್ಸಿನಲ್ಲಿ ಹೋದೆವು. ಚನ್ನಪ್ಪನವರ ಮನೆಯಲ್ಲಿ ಚಾಪೆ ಹಾಸಿ, ಪಾನಕ ಕೊಟ್ಟು, ಕಣಜ ತೋರಿಸಲು ಎದ್ದರು. ಅಜ್ಜಿ ಕೂತಲ್ಲಿಂದಲೇ, "ಅದೆಲ್ಲಾ ಇರ್ಲಿ, ನೀರು ತೋರ್ಸಿ," ಎಂದಳು. ತಾತ ತಲೆ ತಗ್ಗಿಸಿದ. ಹಿತ್ತಲಲ್ಲಿ ಕಟ್ಟೆ ಕಟ್ಟಿದ, ರಾಟೆ ಹಾಕಿದ ಬಾವಿ. ನನಗೆ ಖುಷಿಯಾಗಿ ಹೋಯಿತು. ಆದರೆ ನಮ್ಮಜ್ಜಿ ಬಿಡುವ ಪೈಕಿಯಲ್ಲ. ಒಳಗಿನ ಹಂಡೆಯ ನೀರು ಕೇಳಿ ಕುಡಿದಳು, ಆಮೇಲೆ ತಾನೇ ಹಗ್ಗ ಎಳೆದು ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗಿದಳು.

"ಇದು ಉಪ್ಪು. ಕುಡಿಯೋ ನೀರು ಎಲ್ಲಿಂದ ತರ್ತೀರಮ್ಮ?"

ಚನ್ನಪ್ಪನವರ ತಾಯಿ ಸೆರಗು ಸರಿಮಾಡಿಕೊಂಡರು. ಆಗ ಚನ್ನಪ್ಪನವರೇ, "ಬನ್ನಿ ಅಮ್ಮ, ತೋರಿಸ್ತೀನಿ," ಎಂದು ಮುಂದೆ ನಡೆದರು. ಮಾವಿನ ತೋಪಿನಾಚೆ ಆ ಬಾವಿ ಇತ್ತು. ಕಲ್ಲಿನ ಮೆಟ್ಟಿಲುಗಳು ಕತ್ತಲೊಳಕ್ಕೆ ಇಳಿದಿದ್ದವು, ಕೆಳಗಿನವೆಲ್ಲ ಹಸಿರು. ಆ ಪಾಚಿಯ ವಾಸನೆ ಮೇಲಿನವರೆಗೂ ಬರುತ್ತಿತ್ತು. ಅಜ್ಜಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಅಳಲು ಧೈರ್ಯ ಬರಲಿಲ್ಲ.

"ನಡೀರಿ, ಹೋಗಾಣ," ಎಂದಳು ತಾತನಿಗೆ.

"ನಿಮ್ ಮಗಳು ಇಲ್ಲಿಗೆ ಇಳಿಯಾದು ಬೇಡಮ್ಮ," ಎಂದರು ಚನ್ನಪ್ಪನವರು. "ನಾನು ಇಳೀತೀನಿ. ನೀರು ನಾನೇ ತರ್ತೀನಿ."

"ಗಂಡಸು ಬಿಂದಿಗೆ ಹೊರಾದಾ? ಊರೋರು ಉಗಿಯಲ್ವೇನೋ!" ಹಿಂದೆಯೇ ಬಂದಿದ್ದ ಅವರ ತಾಯಿ ಕೂಗಿದರು.

"ಉಗೀಲಿ ಬಿಡವ್ವ."

ಅಜ್ಜಿ ನನ್ನನ್ನು ಎಳೆದುಕೊಂಡು ಬಸ್ಸಿನ ಕಡೆ ನಡೆದಳು. ಮನೆಯ ಬಾಗಿಲಲ್ಲಿ ಸಾಕತ್ತೆ ನನ್ನ ಮುಖ ನೋಡಿದಳು. ಅಜ್ಜಿಯೇ ಹೇಳಿದಳು: "ಹುಡುಗ ಒಳ್ಳೇವ್ನು. ನೀರು ಕೆಟ್ಟದ್ದು." ಅಲ್ಲಿಯವರೆಗೆ ಎದುರು ಮಾತಾಡದಿದ್ದ ಅತ್ತೆ ಸಿಡಿದುಬಿಟ್ಟಳು: "ನಾನು ನೀರಿನ ಜೊತೆ ಸಂಸಾರ ಮಾಡ್ತೀನಾ ಅವ್ವ? ಸಾಯೋಳು ಸಾಯ್ತೀನಿ, ಬದುಕಕ್ಕಾದ್ರೂ ಬಿಡು!" ಒಲೆಯ ಮೇಲಿನ ಎಸರು ಉಕ್ಕಿ ಬೆಂಕಿಗೆ ಸುರಿಯಿತು. ಅಜ್ಜಿ ಅದನ್ನು ಇಳಿಸಿಟ್ಟು ತಾತನ ಕಡೆ ತಿರುಗಿ, "ಮಾಡ್ಬಿಡಿ ಮದ್ವೆ. ಅವ್ನು ಮಾತಿಗೆ ತಪ್ಪಿದ್ರೆ ಇವಳ್ನ ಎಳ್ಕೊಂಡ್ ಬರ್ತೀನಿ," ಎಂದಳು.

ಮದುವೆಯಾಯಿತು. ಅತ್ತೆ ಬಸುರಿಯಾದ ಸುದ್ದಿ ಬಂತು. ಅವತ್ತಿನಿಂದ ಅಜ್ಜಿಗೆ ಊಟ ಸೇರದು. ಬೇಸಿಗೆ ರಜೆಯಲ್ಲಿ ಒಂದು ದಿನ ಯಾರಿಗೂ ಹೇಳದೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಇಳಿದವಳು ಮಗಳ ಮನೆಗೆ ಹೋಗಲಿಲ್ಲ. ಸೀದಾ ಆ ಬಾವಿಯ ಹತ್ತಿರ, ಹೊಂಗೆ ಮರದ ಹಿಂದೆ ಕೂತಳು. ಹೆಂಗಸರು ನೀರಿಗೆ ಬರುವ ಇಳಿಹೊತ್ತು. ಒಬ್ಬೊಬ್ಬರಾಗಿ ಬಂದರು, ಇಳಿದರು, ತುಂಬಿದ ಬಿಂದಿಗೆ ಸೊಂಟಕ್ಕಿಟ್ಟು ಹತ್ತಿದರು. ಅಷ್ಟರಲ್ಲಿ ಉದ್ದ ಜಡೆಯ, ಹೊಟ್ಟೆ ಮುಂದೆ ಬಂದ ಒಬ್ಬಳು ತೋಪಿನ ಕಡೆಯಿಂದ ಬಂದಳು. ಅಜ್ಜಿ "ಅಯ್ಯೋ" ಎಂದು ಎದ್ದೇಬಿಟ್ಟಳು. ಹತ್ತಿರ ಬಂದಾಗ ನೋಡಿದರೆ ಬೇರೆ ಯಾರೋ. ಅವಳು ಗೋಡೆ ಹಿಡಿದು ಇಳಿದು, ಮತ್ತೆ ಮೇಲೆ ಬರುವವರೆಗೂ ಅಜ್ಜಿ ಕೂರಲಿಲ್ಲ. ಹೊತ್ತು ಮುಳುಗುತ್ತಾ ಬಂತು. ಅತ್ತೆ ಬಂದರೆ ಕರೆದೊಯ್ಯುವುದು ಖಂಡಿತ. ಅಜ್ಜಿಯ ಹಟ ನನಗೆ ಗೊತ್ತಿತ್ತು. ಬರಬೇಡ ಅತ್ತೆ, ಬರಬೇಡ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಬಂದವರು ಚನ್ನಪ್ಪ ಮಾವ. ಎರಡು ಕೈಯಲ್ಲೂ ಬಿಂದಿಗೆ. "ಏನ್ ಚನ್ನಣ್ಣ, ಸೀರೆ ಯಾವಾಗ ಉಡ್ತೀಯಾ?" ಎಂದು ಹೆಂಗಸರು ಕಿಸಕ್ಕೆಂದರು. "ಒಂದು ಚೆನ್ನಾಗಿರೋದು ಕೊಡ್ಸಿ, ಉಡ್ತೀನಿ," ಎನ್ನುತ್ತಾ ಅವರು ಮೆಟ್ಟಿಲಿಳಿದರು.

ಅಜ್ಜಿ ಕುಸಿದು ಕೂತಳು. ನಾನು ಹುಟ್ಟಿದ ಮೇಲೆ ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಸೆರಗನ್ನು ಬಾಯಿಗೆ ತುರುಕಿಕೊಂಡು, "ಗೌರೀ, ನಿಂಗ್ಯಾಕ್ ನಾನು ನೀರು ನೋಡ್ಲಿಲ್ವೇ ಮಗಳೇ," ಎಂದು ಗೋಳಾಡಿದಳು. ಆ ಸಂಜೆ ಮಗಳ ಮನೆಯಲ್ಲಿ ಹೊಟ್ಟೆ ತುಂಬ ಮುದ್ದೆ ಉಂಡಳು.

ಆ ಬಾವಿ ಈಗಿಲ್ಲ. ಕುಂಟೆ, ಕಲ್ಯಾಣಿಗಳ ಗುರುತೂ ಇಲ್ಲ. ಅಜ್ಜಿ ಹೋಗಿ ಯಾವ ಕಾಲವಾಯಿತು, ಮಾವನೂ ಹೋದರು. ಸಾಕತ್ತೆ ಕಳೆದ ವರ್ಷ, ಹಲ್ಲೆಲ್ಲ ಉದುರಿದ ಹಣ್ಣು ಮುದುಕಿಯಾಗಿ, ಮಧ್ಯಾಹ್ನ ಉಂಡು ಮಲಗಿದವಳು ಹಾಸಿಗೆಯಲ್ಲೇ ನಿದ್ದೆಯಲ್ಲಿ ಹೋದಳು. ಅಜ್ಜಿ ದೇವರಲ್ಲಿ ಬೇಡಿಕೊಂಡದ್ದು ಅಷ್ಟೇ.