ಒಬ್ಬೊಬ್ಬರ ಪಾಲಿನ ಗಾಳಿ

ಕುಮಟಾದ ಹಳೇ ಹೆಂಚಿನ ಗೋದಾಮಿನಲ್ಲಿ ನಡೆಯುತ್ತಿದ್ದ ಹೊಲಿಗೆ ಕಾರ್ಖಾನೆಗೆ ಸುಧಾಕರನೇ ಕರೆಂಟಿನವನು, ಅವನೇ ಮಿಸ್ತ್ರಿ. ಫ್ಯಾನು ನಿಂತರೂ ಮಷಿನ್ನು ಕೆಟ್ಟರೂ ಹೆಂಗಸರು ಕೂಗುತ್ತಿದ್ದದ್ದು ಅವನ ಹೆಸರನ್ನೇ. ಅವನ ಅಕ್ಕ ಬಂಗಾರಿಯೂ ಅಲ್ಲೇ ಶರ್ಟಿನ ಕಾಲರು ಹೊಲಿಯುತ್ತಿದ್ದಳು. ಗಂಡ ದೋಣಿಯೊಂದಿಗೆ ಕಡಲಪಾಲಾದ ವರ್ಷ ತಮ್ಮನೇ ಅವಳಿಗೆ ಆ ಕೆಲಸ ಕೊಡಿಸಿದ್ದ.

೨೦೦೯ರಲ್ಲಿ, ಮಳೆಗಾಲ ಕಳೆದ ಮೇಲೆ, ಶರ್ಟು ಕೊಳ್ಳುವ ವಿದೇಶಿ ಕಂಪನಿ ಹೊಸ ಶರತ್ತು ಹಾಕಿತು. ಕಟ್ಟಡ ಹಳೆಯದಾದರೂ ಸರಿ, ‘ಹಸಿರು ಕಟ್ಟಡ’ ಎಂಬ ಸರ್ಟಿಫಿಕೇಟು ಬೇಕು; ಇಲ್ಲದಿದ್ದರೆ ಆರ್ಡರಿಲ್ಲ. ತಪಾಸಣೆಗೆ ಬಂದವರು ಲೈಟು, ನೀರು, ಕಸ ಎಲ್ಲ ಒಪ್ಪಿದರು. ಗಾಳಿ ಮಾತ್ರ ಸಾಲದು ಎಂದರು. ಒಳಗೆ ಕೂತ ಒಬ್ಬೊಬ್ಬರಿಗೂ ಹೊರಗಿನ ಗಾಳಿ ಇಷ್ಟು ಸಿಗಲೇಬೇಕಂತೆ. ಮೇಲೆ ತಿರುಗುವ ಫ್ಯಾನುಗಳು ಒಳಗಿನ ಗಾಳಿಯನ್ನೇ ಮಗುಚುತ್ತವೆ, ಅವು ಲೆಕ್ಕಕ್ಕಿಲ್ಲ.

ಗಾಳಿ ಒಳಗೆಳೆಯುವ ದೊಡ್ಡ ಫ್ಯಾನೊಂದನ್ನು ಸುಧಾಕರ ಹಿಂದಿನ ಗೋಡೆಗೆ ಕೂರಿಸಿದ. ಉಳಿದ ಕಡೆಯೆಲ್ಲ ಗೋಡೆಗೆ ಗೋಡೆ ತಾಗಿದ ಅಂಗಡಿಗಳು. ಸ್ವಿಚ್ಚು ಒತ್ತಿದ್ದೇ ತಡ, ಹಿಂದಿನ ಬಯಲಲ್ಲಿ ಒಣಹಾಕಿದ್ದ ಮೀನಿನ ವಾಸನೆ ಒಳಗೆಲ್ಲ ನುಗ್ಗಿತು. ಇಸ್ತ್ರಿಯಾದ ಶರ್ಟುಗಳೂ ನಾರಿದವು. ಮರುದಿನ ಅವನು ಫ್ಯಾನಿಗೆ ತಗಡಿನ ಕೊಳವೆ ಜೋಡಿಸಿ ಹೆಂಚಿನ ಮಾಡಿನ ಮೇಲಕ್ಕೆ ಏರಿಸಿದ. ವಾಸನೆ ನಿಂತಿತು, ಗಾಳಿಯೂ ಬಡವಾಯಿತು. ಇನ್ನೂ ದೊಡ್ಡ ಫ್ಯಾನು ಹಾಕಿದರೆ ಹಳೇ ಗೋಡೆ ನಡುಗಿ ಗಾರೆ ಉದುರತೊಡಗಿತು; ಮೊದಲಿನದನ್ನೇ ಮತ್ತೆ ಕೂರಿಸಿದ. ತಪಾಸಣೆಯವರು ಮತ್ತೆ ಅಳೆದರು. ಮತ್ತೆ ಸಾಲಲಿಲ್ಲ.

ಮ್ಯಾನೇಜರ್ ಶ್ರೀಧರ ಅವನನ್ನು ಒಳಗೆ ಕರೆದ. “ಗಾಳಿ ಹೆಚ್ಚು ಮಾಡ್ಲಿಕ್ಕೆ ಆಗುದಿಲ್ಲ. ಜನ ಕಮ್ಮಿ ಮಾಡ್ಬಹುದು. ಕಡೇ ಸಾಲು ತೆಗೆದ್ರೆ ಉಳಿದವರಿಗೆ ಸಾಕಾಗ್ತದೆ.”

“ಸಾರ್, ಅದು ನಮ್ಮಕ್ಕ ಕೂತ್ಕೊಳ್ಳೋ ಸಾಲು.”

“ನಂಗೆ ಗೊತ್ತಿಲ್ವನಾ? ಆರ್ಡರು ಹೋದ್ರೆ ಎಲ್ಲಾ ಸಾಲೂ ಹೋಗ್ತದೆ.”

“ನಾಕು ಹೆಂಚು ತೆಗ್ದು ಮಾಡಿಗೇ ಕಿಟಕಿ ಇಡ್ತೆ. ಒಂದು ವಾರ ಕೊಡಿ ಸಾರ್, ಕಾಲಿಗೆ ಬೀಳ್ತೆ.”

ಶ್ರೀಧರ ಗೋದಾಮಿನ ಮಾಲೀಕರಿಗೆ ಅಲ್ಲೇ ಫೋನು ಮಾಡಿದ. ಮಾಡು ಮುಟ್ಟಬೇಡಿ ಎಂಬ ಉತ್ತರ ಆಚೆಯಿಂದ ಸುಧಾಕರನಿಗೂ ಕೇಳಿಸಿತು.

ಕಡೇ ಸಾಲಿನ ಮಷಿನ್ನುಗಳ ವಯರು ಬಿಚ್ಚುವ ಕೆಲಸವೂ ಅವನದ್ದೇ. ಮೊಣಕಾಲೂರಿ ಕೂತವನಿಗೆ ಸ್ಕ್ರೂ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಬಂಗಾರಿ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಅವನ ಹತ್ತಿರ ಬಂದಳು.

“ಎಂತದಾ ತಮ್ಮಾ, ನನ್ನ ಉಸಿರು ಇವ್ರಿಗೆ ಹೆಚ್ಚಾಯ್ತಾ?”

ಅವನು ಮುಂದಿನ ಮಷಿನ್ನಿನ ವಯರಿಗೆ ಕೈ ಹಾಕಿದ.

ಸರ್ಟಿಫಿಕೇಟು ಬಂತು, ಪೇಡೆ ಹಂಚಿದರು. ಈಗ ಸೆಕೆ ಕಡಿಮೆ, ಉಸಿರಾಡುವುದು ಹಗುರ ಎಂದು ಉಳಿದ ಹೆಂಗಸರು ಹೇಳಿದ್ದೂ ಸುಳ್ಳಲ್ಲ.

ಬಂಗಾರಿ ಭಟ್ಕಳದಲ್ಲಿ, ಗಲ್ಫಿನಲ್ಲಿ ದುಡಿಯುವವರ ಮನೆಯೊಂದರಲ್ಲಿ ಕೆಲಸಕ್ಕೆ ನಿಂತಳು. ನೋಡಲು ಹೋದಾಗಲೆಲ್ಲ ಸುಧಾಕರ, “ನಾನೂ ಬಿಡ್ತೆ ಅಕ್ಕಾ, ಅಲ್ಲಿ ನಿಲ್ಲಲಿಕ್ಕೆ ಆಗುದಿಲ್ಲ” ಎನ್ನುತ್ತಾನೆ.

“ಬಿಟ್ಟು ಎಂತ ಮಾಡ್ತಿ? ಮನೇಲಿ ವಯಸ್ಸಾದ ಅಬ್ಬೆಗೆ ಗಂಜಿ ಯಾರು ಹಾಕ್ತ್ರು? ಹೋಗು, ಬಸ್ಸು ತಪ್ಪುತ್ತದೆ.”

ಅವನು ಬಸ್ಸು ಹತ್ತುತ್ತಾನೆ. ಬೆಳಗಾದರೆ ಮತ್ತೆ ಅದೇ ಫ್ಯಾನಿನ ಸ್ವಿಚ್ಚು ಒತ್ತಬೇಕು.