ಮಾವನ ಕೈತೂಕ

ಮದುವೆಯಾಗಿ ಶಹಾಪುರಕ್ಕೆ ಬಂದ ಮೂರನೇ ತಿಂಗಳಿಗೆ ಮಾವ ನನ್ನ ಮುಂದೆ ಒಂದು ಗೆರೆ ಹಾಕಿದ ನೋಟುಬುಕ್ಕು ಇಟ್ಟರು. "ನೀ ಹತ್ತನೇ ತನಕ ಓದೀದಿ. ಇದ್ರಾಗ ತೂಕ ಬರಿ ಯವ್ವಾ. ನಂಗ ಅಕ್ಷರ ಬರಂಗಿಲ್ಲ" ಎಂದರು.

ನಮ್ಮದು ಮಾಂಸದ ಅಂಗಡಿ. ಹಿಂದೆ ಕಡಿಯುವ ಜಾಗ, ಮುಂದೆ ಮಾರುವ ಕಟ್ಟೆ, ನಡುವೆ ತೊಲೆಗೆ ತೂಗುಹಾಕಿದ ತಕ್ಕಡಿ, ನಮ್ಮ ಮಾತಿನಲ್ಲಿ ಕಾಟಾ. ನನ್ನ ಗಂಡ ಸಂತೆ ಸಂತೆ ತಿರುಗಿ ಕುರಿ ತರುತ್ತಿದ್ದರು. ಕಡಿಯುವುದು, ಸುಲಿಯುವುದು ಮಾವನ ಕೆಲಸ. ತೂಕ ನನ್ನದಾಯಿತು.

ಬರೆಯಬೇಕಾದದ್ದು ಮೂರು ಅಂಕಿ. ಕುರಿ ಜೀವಂತ ಇದ್ದಾಗಿನ ತೂಕ. ತೊಗಲು, ತಲೆ, ಕಾಲು, ಕರುಳು ತೆಗೆದ ಮೇಲೆ ಕೊಕ್ಕೆಯಲ್ಲಿ ನೇತಾಡುವ ಮೈಯ ತೂಕ. ಎಲುಬು ಬಿಡಿಸಿದರೆ ಉಳಿಯುವ ಬರೀ ಮಾಂಸ. ಇಪ್ಪತ್ತೆರಡು ಕಿಲೋ ಕುರಿಯಲ್ಲಿ ಹನ್ನೊಂದು ಕಿಲೋ ಮೈ ಸಿಗಬೇಕು. ಎಲುಬು ತೆಗೆದರೆ ಎಂಟಕ್ಕಿಂತ ತುಸು ಹೆಚ್ಚು. ಇಷ್ಟು ಲೆಕ್ಕ ಬೇಕಾದದ್ದು ಕಾಲುವೆ ಕೆಲಸದ ಕ್ಯಾಂಪಿನವರ ಸಲುವಾಗಿ. ಅವರ ಊಟದ ಮನೆಗೆ ಪ್ರತಿ ಭಾನುವಾರ ಎಲುಬು ಸಹಿತ ನಲವತ್ತು ಕಿಲೋ ಹೋಗಬೇಕಿತ್ತು. ಎಷ್ಟು ಕುರಿ ಕಡಿದರೆ ನಲವತ್ತು ತುಂಬುತ್ತದೆ ಎಂಬುದು ಶನಿವಾರವೇ ಗೊತ್ತಿರಬೇಕು.

ಮಾವನಿಗೆ ಕಾಟಾ ಬೇಕಿರಲಿಲ್ಲ. ಕುರಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಬೆನ್ನಿನ ಮೇಲಿಂದ ಸೊಂಟದವರೆಗೆ ಬಲಗೈ ಎಳೆಯುತ್ತಿದ್ದರು. "ಹತ್ತೂವರಿ ಬೀಳ್ತದ, ಬರಕೋ." ಸುಲಿದು ತೂಗಿದರೆ ಹತ್ತೂವರೆ. ಹೆಚ್ಚೆಂದರೆ ಕಾಲು ಕಿಲೋ ಆಚೀಚೆ. ಸುರಪುರದಿಂದ ಕುರಿ ವ್ಯಾಪಾರದವರು ಬಂದರೆ ಚಹಾ ಕುಡಿಯುತ್ತ ಮಾವನ ಕೈ ನೋಡುತ್ತ ಕೂಡುತ್ತಿದ್ದರು. ಮಾವ ಹೊಗಳಿಸಿಕೊಳ್ಳುವ ಮನುಷ್ಯ ಅಲ್ಲ. ಆದರೆ ಆ ಹೊತ್ತಿನಲ್ಲಿ ಮೀಸೆಯ ಕೆಳಗೆ ಸಣ್ಣ ನಗು ಇರುತ್ತಿತ್ತು.

ನಮ್ಮ ಕಡೆಯ ಕಾಲುವೆಗೆ ನೀರು ಬಂದ ಎರಡನೇ ವರ್ಷ ಅದು. ಜೋಳ ಬೆಳೆಯುತ್ತಿದ್ದ ಕರಿಮಣ್ಣಿನಲ್ಲಿ ಭತ್ತದ ಮಡಿಗಳೆದ್ದಿದ್ದವು. ಕಾಲುವೆಯ ಬದಿಗೆ, ನೀರು ಸೋರಿ ನಿಂತಲ್ಲೆಲ್ಲ, ನಾವು ಯಾವತ್ತೂ ನೋಡದಂಥ ಹಸಿರು ಹುಲ್ಲು. ಶಿರವಾಳದ ಹತ್ತಿರದ ಒಬ್ಬ ಮುದುಕ ಕುರಿಗಾರ, ಮಾವನ ಹಳೆಯ ಗೆಳೆಯ, ತನ್ನ ಹಿಂಡನ್ನು ಅಲ್ಲೇ ಮೇಯಿಸುತ್ತಿದ್ದ. ದಸರೆಗೆ ಮೊದಲಿನ ಶನಿವಾರ ತಾನೇ ನಾಲ್ಕು ಕುರಿ ಹೊಡಕೊಂಡು ಬಂದ.

"ನೋಡಣ್ಣಾ, ಹ್ಯಾಂಗ ಉಬ್ಬ್ಯಾವ! ಇಷ್ಟು ವರ್ಷ ಹುಲ್ಲಿಗಿ ಊರೂರು ತಿರುಗಿದೆ. ಈಗ ಹುಲ್ಲೇ ಮನಿ ಮುಂದ ಬಂದದ" ಎಂದ.

ಹೊಟ್ಟೆ ತುಂಬಿದ, ದುಂಡನೆಯ ಕುರಿಗಳು. ಕಾಟಾಕ್ಕೆ ಹಾಕಿದರೆ ನಾಲ್ಕೂ ಸೇರಿ ಎಂಬತ್ತೆಂಟು. ಮಾವ ಕೈ ಎಳೆದು ಒಟ್ಟು ಮೈ ನಲವತ್ತನಾಲ್ಕು ಎಂದರು. ಬರೆದೆ.

ಮರುದಿನ ಬೆಳಿಗ್ಗೆ ಸುಲಿದು ಕೊಕ್ಕೆಗೆ ಹಾಕಿದಾಗ ಮೂವತ್ತೈದೂವರೆ ಬಂತು.

"ಕಾಟಾ ತಪ್ಪ್ಯಾದ. ಕಲ್ಲು ಹಾಕಿ ನೋಡು" ಎಂದರು ಮಾವ. ಐದು ಕಿಲೋ ಕಲ್ಲು ತೂಗಿದೆ. ಐದೇ ಇತ್ತು. ಅವರು ಮಾತಾಡದೆ ಒಳಗಿನಿಂದ ಇನ್ನೊಂದು ಕುರಿ ಎಳೆದು ತಂದು ನಲವತ್ತು ತುಂಬಿಸಿ ಕಳಿಸಿದರು. ಆದರೆ ನಾನು ಕಡಿಯುವ ಜಾಗದ ಕಲ್ಲುಹಾಸನ್ನು ನೋಡಿದ್ದೆ. ಹೊಟ್ಟೆ ಸೀಳಿದಾಗ ನಾಲ್ಕರಿಂದಲೂ ತಿಳಿ ನೀರು ಹರಿದು ಮೋರಿಯವರೆಗೆ ಹೋಗಿತ್ತು. ಕೊಕ್ಕೆಯಲ್ಲಿದ್ದ ಮೈಗಳು ಹೊಳೆಯುತ್ತಿದ್ದವು, ಕೆಳಗೆ ತಟ್ ತಟ್ ಎಂದು ಹನಿ ಬೀಳುತ್ತಿತ್ತು. ಕಲೇಜಿ, ಅಂದರೆ ಲಿವರು, ಗಂಟುಗಂಟಾಗಿ ಗಟ್ಟಿಯಾಗಿತ್ತು. ಮಾವ ಅದನ್ನು ಕಟ್ಟೆಗೆ ತರಲಿಲ್ಲ. ಹಿಂದೆ ಗುಂಡಿ ತೋಡಿ ಹೂಳಿದರು. ಕಲೇಜಿ ಕೇಳಿ ಬಂದವರಿಗೆ "ಇವತ್ತಿಲ್ರಿ" ಎಂದು ಹೇಳಿ ನಾನೇ ಕಳಿಸಿದೆ.

ಮುಂದಿನ ಮೂರು ವಾರವೂ ಹೀಗೇ ಆಯಿತು. ಮಾವ ಹನ್ನೊಂದು ಎಂದದ್ದು ಒಂಬತ್ತಕ್ಕೆ ಇಳಿಯುತ್ತಿತ್ತು, ಹತ್ತು ಎಂದದ್ದು ಎಂಟಕ್ಕೆ. ಕೆಲವು ಕುರಿಗಳಲ್ಲಿ ಮಾತ್ರ ಅವರ ಮಾತು ನಿಲ್ಲುತ್ತಿತ್ತು. ಒಂದು ದಿನ ಸುರಪುರದ ವ್ಯಾಪಾರದವನೊಬ್ಬ ನಗುತ್ತ, "ಯಜಮಾನ್ರ ಕೈ ಮುದುಕಾಗ್ಯಾದ್ರಿ" ಎಂದ. ಮಾವನೂ ನಕ್ಕರು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಬಲಗೈ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು. ರೊಟ್ಟಿ ಮುರಿದದ್ದು ಹಾಗೇ ಇತ್ತು.

ನನಗೆ ಆ ಕೈಯನ್ನು ನೋಡಲಾಗಲಿಲ್ಲ. ಎದ್ದು ಹೋಗಿ ನೋಟುಬುಕ್ಕು ಹಿಡಿದು ಕೂತೆ. ಪ್ರತಿ ಕುರಿಯ ಮುಂದೆ ಅದು ಯಾವ ಊರಿನದೆಂದು ಬರೆಯುವ ಚಟ ನನಗಿತ್ತು, ಯಾರೂ ಹೇಳಿರಲಿಲ್ಲ. ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದೆ. ಬಳಿಚಕ್ರದಿಂದ ಬಂದ ಕುರಿಗಳಲ್ಲಿ ಮಾವನ ಅಂದಾಜು ಒಂದೂ ತಪ್ಪಿರಲಿಲ್ಲ. ಅಲ್ಲಿ ಕಾಲುವೆ ಇಲ್ಲ, ಮಳೆ ಬಂದರೆ ಬೆಳೆ. ತಪ್ಪಿದವೆಲ್ಲ ಕಾಲುವೆ ಬದಿಯವು. ಮೊದಲ ವಾರ ಒಬ್ಬನೇ ಕುರಿಗಾರನ ಕುರಿ ತಪ್ಪಿದ್ದವು, ನಾಲ್ಕನೇ ವಾರಕ್ಕೆ ಐವರವು.

"ಮಾವಾರ, ನಿಮ್ಮ ಕೈ ತಪ್ಪಿಲ್ಲ. ಕುರಿ ಮೈಯಾಗ ನೀರು ತುಂಬ್ಯಾದ. ಆ ನೀರೇ ತೂಕ ತೋರ್ಸಾಕತ್ತದ" ಎಂದೆ.

"ಹಂಗಾರ ಶಿರವಾಳದ ನನ್ನ ಗೆಳೆಯನ ಹಿಂಡೆಲ್ಲ..." ಎಂದು ಮಾವ ಅಲ್ಲಿಗೇ ನಿಲ್ಲಿಸಿದರು.

ಮರುದಿನ ಆ ಗೆಳೆಯನ ಕುರಿಯೊಂದರ ಕಲೇಜಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಇಬ್ಬರೂ ದನದ ದವಾಖಾನೆಗೆ ಹೋದೆವು. ಡಾಕ್ಟರು ಬ್ಲೇಡಿನಿಂದ ಅದನ್ನು ಸೀಳಿ, ಒತ್ತಿದರು. ಒಳಗಿನ ನಾಳದಿಂದ ಚಪ್ಪಟೆ ಹುಳುಗಳು ಹೊರಬಂದವು, ಹುಣಸೆ ಎಲೆಯಂಥವು, ಒಂದರ ಹಿಂದೆ ಒಂದು. ತಟ್ಟೆಯಲ್ಲಿ ಮೆಲ್ಲಗೆ ಮುದುಡಿ ಬಿಚ್ಚಿಕೊಂಡವು.

"ಈ ಹುಳ ನಿಂತ ನೀರಿನ ಸಣ್ಣ ಬಸವನಹುಳದಿಂದ ಹುಲ್ಲಿಗಿ ಬರ್ತದ, ಹುಲ್ಲಿನಿಂದ ಕುರಿ ಹೊಟ್ಟಿಗಿ" ಎಂದರು ಡಾಕ್ಟರು. "ಈ ಕುರಿ ಸಾಕಿದವನ ಹತ್ರ ಎಷ್ಟು ಕುರಿ ಅದಾವ?"

"ನೂರಾ ಇಪ್ಪತ್ತು ಇರಬೇಕ್ರಿ" ಎಂದರು ಮಾವ.

ಡಾಕ್ಟರು ತಟ್ಟೆಯ ಮೇಲೆ ಹಾಳೆ ಮುಚ್ಚಿದರು. "ನಾಳೆ ಔಷಧ ತೊಗೊಂಡು ಬರ್ತೀನಿ. ನೀವು ಇವತ್ತೇ ಹೋಗಿ ಹಿಂಡು ಒಣನೆಲಕ್ಕ ಸರಸಾಕ ಹೇಳ್ರಿ."

ನಾವು ಹೋದಾಗ ಹಿಂಡು ಕಾಲುವೆಯ ಕೆಳಗಿನ ಜೌಗಿನಲ್ಲಿ ಮೇಯುತ್ತಿತ್ತು. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ, ಕುರಿಗಳು ಹುಲ್ಲು ಹರಿಯುವ ಸದ್ದೊಂದೇ. ಮಾವ ಹತ್ತಿರದ ಕುರಿಯೊಂದನ್ನು ಹಿಡಿದು ಕಣ್ಣಿನ ಕೆಳರೆಪ್ಪೆ ಎಳೆದರು. ಕೆಂಪು ಇರಬೇಕಾದಲ್ಲಿ ಸುಣ್ಣದಂಥ ಬಿಳುಪು. ಇನ್ನೊಂದನ್ನು ಹಿಡಿದರು, ಅದೂ ಬಿಳಿ. ಮೂರನೆಯದರ ದವಡೆಯ ಕೆಳಗೆ ಮೆತ್ತನೆಯ ಚೀಲದಂತೆ ನೀರು ತುಂಬಿ ಜೋತಿತ್ತು.

ಗೆಳೆಯ ದೂರದಲ್ಲಿ ನಿಂತು ನೋಡುತ್ತಿದ್ದ. "ಯಾಕಣ್ಣಾ, ರೇಟು ಮುರಿಯಾಕ ಕಣ್ಣು ನೋಡಾಕತ್ತಿಯೇನು?"

"ರೇಟಿನ ಮಾತಲ್ಲೋ. ನಿನ್ನ ಕುರಿ ಒಳಗಿಂದ ಸಾಯಾಕತ್ತಾವ. ಇಲ್ಲಿಂದ ಹೊಡಕೊಂಡು ಹೋಗು."

"ಎಲ್ಲಿಗಿ ಹೋಗ್ಲಿ?" ಅವನು ಕೋಲಿನಿಂದ ನಾಲ್ಕೂ ದಿಕ್ಕು ತೋರಿಸಿದ. ಎಲ್ಲೆಲ್ಲೂ ಭತ್ತ, ಮಡಿಯ ನೀರು, ಬದು. "ಒಣನೆಲ ಎಲ್ಲದ ಹೇಳು. ಕಾಲಿಡಾಕ ಬಿಡ್ತಾರೇನು? ತಿಂದು ಕೊಬ್ಬಿದ ಕುರಿ ಸಾಯ್ತದಂತ ಯಾರು ಹೇಳ್ಯಾರ ನಿಂಗ?"

ಮಾವ ನನ್ನ ಕಡೆ ನೋಡಿದರು. ನಾನು ನೋಟುಬುಕ್ಕು ತೆರೆದು ಊರು, ತೂಕ ಓದತೊಡಗಿದೆ. ಅರ್ಧ ಕೇಳಿ ಅವನು ಬೆನ್ನು ತಿರುಗಿಸಿ ಕುರಿಗಳ ನಡುವೆ ನಡೆದ. ಮೊಣಕಾಲವರೆಗೆ ಹಸಿರಿನಲ್ಲಿ ಹೋಗುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು.

ಮರುದಿನ ಡಾಕ್ಟರು ಬಂದು, ಒತ್ತಾಯ ಮಾಡಿ, ಬಿದಿರ ಗೊಟ್ಟದಿಂದ ಔಷಧ ಕುಡಿಸಿದರು. ಹಿಂಡು ಮಾತ್ರ ಅದೇ ಜೌಗಿನ ಹುಲ್ಲು ಮೇಯುತ್ತ ಅಲ್ಲೇ ಉಳಿಯಿತು. ಚಳಿ ಶುರುವಾದ ಮೇಲೆ ಸಾವು ಶುರುವಾಯಿತು. ಒಂದು ದಿನ ಮೂರು, ಮತ್ತೊಂದು ದಿನ ಏಳು. ಮಾವ ಸಂಜೆಗಳಲ್ಲಿ ಅಲ್ಲಿಗೆ ಹೋಗಿ ಗುಂಡಿ ತೋಡಲು ಕೈ ಹಚ್ಚಿ ಬರುತ್ತಿದ್ದರು. ಮನೆಗೆ ಬಂದು, ಅವತ್ತು ಸತ್ತ ಕುರಿಗಳ ಅಂಕಿ ಒಂದನ್ನೇ ಹೇಳುವರು. ಯಾಕೆಂದು ತಿಳಿಯದೆ ನಾನು ಅದನ್ನೂ ಬರೆದೆ.

ಮೂವತ್ತೊಂದು ಕುರಿ ಉಳಿದಾಗ ಗೆಳೆಯ ಅಂಗಡಿಗೆ ಬಂದ. ಒಳಗೆ ಬರಲಿಲ್ಲ, ರಸ್ತೆಯಲ್ಲೇ ನಿಂತ. "ಗುರುಮಠಕಲ್ ಕಡಿ ಹೊಂಟೀನಿ. ನನ್ನ ಅಳಿಯ ಅದಾನ. ಅಲ್ಲಿ ಬರೀ ಕಲ್ಲುನೆಲ" ಎಂದ. ಮಾವ ಹೊರಗೆ ಹೋಗಿ ಅವನ ಭುಜ ಹಿಡಿದರು. "ನೀ ಹೇಳ್ದಾಗ ಕೇಳ್ಬೇಕಿತ್ತು" ಎಂದು ಅವನು ಹೇಳಿದ್ದು ನನಗೆ ಕೇಳಿಸಿತು. ಮಾವ ಹೇಳಿದ್ದು ಕೇಳಿಸಲಿಲ್ಲ.

ಬೇಸಿಗೆಯಲ್ಲಿ ಅವನ ಅಳಿಯ ಬಸ್ಸಿನಲ್ಲಿ ಬಂದು, ಕುರಿಗಳು ಬದುಕಿವೆ, ಹನ್ನೆರಡು ಮರಿ ಹಾಕಿವೆ, ತನ್ನ ಮಾವ ಇನ್ನು ಈ ಕಡೆ ಬರುವುದಿಲ್ಲ ಎಂದು ಹೇಳಿ ಹೋದ. ನಮ್ಮ ಮನೆಯಲ್ಲಿ ಅವತ್ತು ಎಲ್ಲರೂ ಸ್ವಲ್ಪ ಹೆಚ್ಚು ಮಾತಾಡಿದೆವು.

ಆದರೆ ಮಾವ ಕುರಿಯ ಬೆನ್ನ ಮೇಲೆ ಕೈಯಿಡುವುದನ್ನು ಬಿಟ್ಟೇಬಿಟ್ಟರು. "ನಿಮ್ಮ ಕೈ ಸರಿ ಇತ್ರಿ ಮಾವಾರ, ಲೆಕ್ಕ ನೋಡ್ರಿ" ಎಂದು ನಾನು ಎಷ್ಟೋ ಸಲ ಹೇಳಿದೆ.

"ಮಾಂಸ ಯಾವ್ದು ನೀರು ಯಾವ್ದು ಅಂತ ತಿಳೀಲಾರದ ಕೈ ಸರಿ ಹ್ಯಾಂಗಾಗ್ತದ ಯವ್ವಾ? ಮೊದಲ ದಿನಾನೇ ತಿಳಿದಿದ್ರ ಅವನ ಹಿಂಡು ಉಳೀತಿತ್ತು" ಎನ್ನುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಅವರು ಅಂಗಡಿಯನ್ನು ನನಗೂ ನನ್ನ ಗಂಡನಿಗೂ ಬಿಟ್ಟು, ದಿನವೂ ಬೆಳಿಗ್ಗೆ ಕಾಲುವೆ ದಂಡೆ ಹಿಡಿದು ಹೋಗತೊಡಗಿದರು. ಸಿಕ್ಕ ಹಿಂಡಿನವರಿಗೆಲ್ಲ ಜೌಗು ಬಿಡಿರಿ, ದವಾಖಾನೆಗೆ ಹೋಗಿರಿ ಎಂದು ಹೇಳುವುದು ಅವರ ಕೆಲಸವಾಯಿತು. ಕೆಲವರು ಕೇಳಿದರು. ಕೆಲವರು, ಕಡಿಯುವವನಿಗೆ ನಮ್ಮ ಕುರಿ ಚಿಂತೆ ಯಾಕೆ ಎಂದು ಬೈದು ಕಳಿಸಿದರು. ಮನೆಗೆ ಬಂದಾಗ ಅವರ ಧೋತರದ ಅಂಚು ಯಾವಾಗಲೂ ಒದ್ದೆ ಇರುತ್ತಿತ್ತು. ನಾನು ಅದನ್ನು ಒಗೆದು ಹಿಂಡಿ ಒಣಹಾಕುತ್ತಿದ್ದೆ.